ಉರಿಗಾಂ ಲೈನಿನ ಎಚ್ಚರಿಕೆ ಪೆಟ್ಟಿಗೆ

ಮೊದಲು ಸದ್ದು ಮಾಡಿದ್ದು ಚಮಚಗಳು. ಮನೆ ಸಾಮಾನು ಇಳಿಸಿ ಇನ್ನೂ ವಾರವಾಗಿರಲಿಲ್ಲ. ಸಂಜೆ ಚಹಾಕ್ಕೆ ನೀರಿಟ್ಟು ನಿಂತಿದ್ದೆ. ಗೋಡೆಯ ಸ್ಟ್ಯಾಂಡಿನಲ್ಲಿ ಚಮಚಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಆಮೇಲೆ ತಟ್ಟೆಗಳು. ಆಮೇಲೆ ನೆಲದೊಳಗೆ, ಬಹಳ ಆಳದಲ್ಲಿ, ಯಾರೋ ದೊಡ್ಡ ಕದವನ್ನು ದಬಾರನೆ ಹಾಕಿಕೊಂಡ ಹಾಗೆ ಒಂದು ಸದ್ದು. ಅದು ನನ್ನ ಕಿವಿಗಿಂತ ಮೊದಲು ಮೊಣಕಾಲಿಗೆ ತಿಳಿಯಿತು. ಒಲೆ ಆರಿಸುವಷ್ಟೂ ವ್ಯವಧಾನವಿಲ್ಲದೆ ಮಗಳು ಗೌರಿಯನ್ನು ಎತ್ತಿಕೊಂಡು ಬರಿಗಾಲಲ್ಲಿ ಬೀದಿಗೆ ಓಡಿ ಬಂದೆ.

ಬೀದಿಯಲ್ಲಿ ನನ್ನನ್ನು ಬಿಟ್ಟು ಯಾರೂ ಓಡುತ್ತಿರಲಿಲ್ಲ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆಯಿರುವ ಮುನಿಯಮ್ಮ ತಮ್ಮ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಒಂದು ಕಲ್ಲು ಆರಿಸಿ ಎಸೆದು ನನ್ನತ್ತ ನೋಡಿದರು.

“ಯಾಕಮ್ಮಾ ಇಂಗೆ ಓಡ್ಬಂದೆ? ಏರ್ ಬ್ಲಾಸ್ಟು ಕಣಮ್ಮ. ಏನಾಗಲ್ಲ. ಓಗು, ನಿನ್ ಟೀ ಉಕ್ಕೋಯ್ತದೆ.”

ಕೆ.ಜಿ.ಎಫ್.ನಲ್ಲಿ ನಾನು ಕಲಿತ ಮೊದಲ ಮಾತು ಅದೇ, ಏರ್ ಬ್ಲಾಸ್ಟ್. ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಚಿನ್ನ ತೆಗೆಯುವುದು ನಿಂತು ಎಷ್ಟೋ ವರ್ಷಗಳಾಗಿವೆ, ಆದರೆ ತೋಡಿದ ಸುರಂಗಗಳು ಊರಿನ ಅಡಿಯಲ್ಲಿ ಹಾಗೆಯೇ ಇವೆ. ಅವುಗಳಲ್ಲಿ ಈಗ ನೀರು ತುಂಬಿದೆ. ಮೇಲಿನ ಭಾರಕ್ಕೆ ಒಳಗೆ ಎಲ್ಲೋ ಒಂದು ಬಂಡೆ ಸಿಡಿಯುತ್ತದೆ, ಮೇಲೆ ನಮ್ಮ ಚಮಚಗಳು ಅಲುಗುತ್ತವೆ. ಇಲ್ಲಿಯವರಿಗೆ ಇದು ಪಕ್ಕದ ಮನೆಯವರು ಕೆಮ್ಮಿದಷ್ಟೇ ಸಹಜ. ಗುಳೇದಗುಡ್ಡದಲ್ಲಿ ಬೆಳೆದ ನನಗೆ ಅಲುಗುವುದು ಎಂದರೆ ಮಗ್ಗ. ನೆಲ ಅಲುಗಬಹುದು ಎನ್ನುವುದು ನನ್ನ ಕಲ್ಪನೆಯಲ್ಲೇ ಇರಲಿಲ್ಲ.

ನಾನು ಎಷ್ಟು ಪುಕ್ಕಲಿ ಎಂಬುದು ಇದನ್ನು ಓದುವ ನಮ್ಮ ಗುಳೇದಗುಡ್ಡದ ಓಣಿಯವರಿಗೆ ಚೆನ್ನಾಗಿ ಗೊತ್ತು. ಹಲ್ಲಿ ಬಿದ್ದರೆ ಮೂರು ಮನೆಗೆ ಕೇಳುವ ಹಾಗೆ ಕಿರುಚುವವಳು ಇಂಥ ಊರಿಗೆ ಯಾಕೆ ಹೋದಳು ಎಂದು ನೀವು ಕೇಳಬಹುದು. ಗಂಡ ಬಸವರಾಜನಿಗೆ ಇಲ್ಲಿಯ ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನನಗೆ ಬಂಗಾರಪೇಟೆಯಲ್ಲಿ, ಓದಿದ ಎಲೆಕ್ಟ್ರಾನಿಕ್ಸಿಗೆ ತಕ್ಕ ಕೆಲಸವೇ ದೊರೆಯಿತು. ಉರಿಗಾಂನಲ್ಲಿ ಗಣಿ ಕೆಲಸಗಾರರಿಗೆಂದು ಹಿಂದೆ ಕಟ್ಟಿದ ಲೈನ್ ಮನೆಗಳಿವೆ. ಲೈನ್ ಎಂದರೆ ಒಂದೇ ಸೂರಿನಡಿ ಸಾಲಾಗಿ ಅಂಟಿಕೊಂಡ ಮನೆಗಳು. ಅಂಥದ್ದರಲ್ಲಿ ಒಂದು ನಮಗೆ ಬಾಡಿಗೆಗೆ ಸಿಕ್ಕಿತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಸೈನೈಡ್ ಗುಡ್ಡ. ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದು ಸುರಿದು ಆದ ಬೋಳು ಬಿಳಿ ದಿಬ್ಬ ಅದು. ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಯ ಮೇಲೆಲ್ಲ ಅದರದೇ ಧೂಳು. ಹೆಸರು ಕೇಳಿದ ದಿನ ಬಟ್ಟೆಗಳನ್ನೆಲ್ಲ ಎರಡು ಸಲ ಒಗೆದಿದ್ದೆ.

ಊಟದ್ದು ಇನ್ನೊಂದು ಪಾಡು. ಜೋಳದ ಹಿಟ್ಟು ಹುಡುಕಿ ಆಂಡರ್ಸನ್‌ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದೆ. ಅಲ್ಲಿಯ ಅಂಗಡಿಯವರು ಒಬ್ಬರ ಜೊತೆ ತಮಿಳಿನಲ್ಲಿ ಶುರುಮಾಡಿ, ಇನ್ನೊಬ್ಬರಿಗೆ ತೆಲುಗಿನಲ್ಲಿ ಚಿಲ್ಲರೆ ಕೊಟ್ಟು, ನನ್ನನ್ನು ಕನ್ನಡದಲ್ಲಿ ಕಳಿಸುತ್ತಾರೆ. ನನ್ನ ಕನ್ನಡವೇ ಅವರಿಗೆ ನಾಲ್ಕನೆಯ ಭಾಷೆ. “ರೊಕ್ಕ ಎಷ್ಟಾತ್ರಿ?” ಎಂದರೆ ನಗುತ್ತಾರೆ, ಆದರೆ ತೂಕಕ್ಕೆ ಒಂದು ಹಿಡಿ ಹೆಚ್ಚು ಹಾಕುತ್ತಾರೆ. ಮುನಿಯಮ್ಮನ ಮನೆಯ ರಾಗಿ ಮುದ್ದೆಯನ್ನು ನಾನು ಅಗಿದು ಅಗಿದು ದವಡೆ ನೋಯಿಸಿಕೊಂಡೆ. ಗೌರಿ ಮಾತ್ರ ಮೊದಲ ದಿನವೇ ಗುಳುಂ ಎಂದು ನುಂಗಿ ಇನ್ನೊಂದು ತುತ್ತಿಗೆ ಬಾಯಿ ತೆರೆದಳು. ನನ್ನನ್ನು ಅವ್ವಾ ಎನ್ನುತ್ತಿದ್ದವಳು ಶಾಲೆಗೆ ಸೇರಿದ ತಿಂಗಳಲ್ಲೇ ಅಮ್ಮಾ ಎನ್ನತೊಡಗಿದಳು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಬೆಳಿಗ್ಗೆ ಉರಿಗಾಂನಿಂದ ರೈಲು. ಡಬ್ಬಿಯ ತುಂಬ ಬೆಂಗಳೂರಿಗೆ ಹೋಗುವವರು, ನಿಂತಲ್ಲೇ ನಿದ್ದೆ ಮಾಡುವ ವಿದ್ಯೆ ಕಲಿತವರು. ಬಂಗಾರಪೇಟೆಯಲ್ಲೇ ಇಳಿಯುವ ನಾನು ಅವರಿಗೆಲ್ಲ ಬಹಳ ಬೇಕಾದವಳು, ಯಾಕೆಂದರೆ ನಾನು ಎದ್ದರೆ ಒಂದು ಸೀಟು ಖಾಲಿ. ಸಂಜೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬಂಗಾರಪೇಟೆಯ ಪಾನಿಪುರಿ ತಿನ್ನುವುದು ರೂಢಿಯಾಯಿತು. ನಮ್ಮಲ್ಲಿ ಪಾನಿ ಎಂದರೆ ಹಸಿರು ಇಲ್ಲವೇ ಕಂದು. ಇಲ್ಲಿಯದು ನಲ್ಲಿಯ ನೀರಿನಷ್ಟು ತಿಳಿ. ಬಣ್ಣ ನೋಡಿ ಏನಿದೆ ಇದರಲ್ಲಿ ಎಂದುಕೊಂಡು ಬಾಯಿಗೆ ಹಾಕಿದರೆ ಕಣ್ಣಲ್ಲಿ ನೀರು. ಅತ್ತ ಹಾಗೂ ಆಗುತ್ತದೆ, ಯಾರೂ ಯಾಕೆ ಎಂದು ಕೇಳುವುದಿಲ್ಲ. ಬಂದ ಹೊಸತರಲ್ಲಿ ಆ ಅನುಕೂಲವನ್ನು ನಾನು ಸಾಕಷ್ಟು ಬಳಸಿಕೊಂಡಿದ್ದೇನೆ.

ಈಗ ಕೆಲಸದ ವಿಷಯ. ನಮ್ಮ ಚಿಕ್ಕ ಘಟಕದಲ್ಲಿ ತಯಾರಾಗುವುದು ಎಚ್ಚರಿಕೆ ಪೆಟ್ಟಿಗೆ. ಅಂಗೈ ಅಗಲದ್ದು, ಗೋಡೆಗೆ ಬಿಗಿಯುವುದು. ಗೋಡೆ ವಾಲಿದರೆ, ಅಡಿಯ ನೆಲ ಕುಸಿಯತೊಡಗಿದರೆ ಅದು ಜೋರಾಗಿ ಕೂಗಬೇಕು, ನಮ್ಮ ಆಫೀಸಿನ ಪರದೆಗೂ ಸಂದೇಶ ಕಳಿಸಬೇಕು. ಘಟಕದ ಯಜಮಾನರು ವೆಂಕಟೇಶಪ್ಪ. ಗಣಿ ಕೆಲಸಗಾರರ ಮಗ, ಕೆ.ಜಿ.ಎಫ್.ನದೇ ಮೈಸೂರು ಮೈನ್ಸ್ ಗಣಿಯ ಲೈನಿನಲ್ಲಿ ಹುಟ್ಟಿ ಬೆಳೆದವರು. ಮೊದಲ ಪೆಟ್ಟಿಗೆಗಳನ್ನು ಅವರು ಪ್ರಯೋಗಕ್ಕೆಂದು ಉರಿಗಾಂನ ನಮ್ಮ ಲೈನಿಗೇ ಹಾಕಿಸಿದರು. ಒಂದು ನಮ್ಮ ಮತ್ತು ಮುನಿಯಮ್ಮನ ನಡುವಿನ ಗೋಡೆಗೇ ಬಂತು. ನಾನು ಕೆಲಸಕ್ಕೆ ಹೋದಾಗ ಗೌರಿ ಇರುವುದು ಆ ಗೋಡೆಯ ಆಚೆ, ಮುನಿಯಮ್ಮನ ಬಳಿ. ಆದ್ದರಿಂದ ಆ ಪೆಟ್ಟಿಗೆ ನನಗೆ ಬರೀ ಕೆಲಸವಾಗಿರಲಿಲ್ಲ. ನನ್ನ ಮಗಳನ್ನು ಕಾಯಲು ನಾನೇ ನಿಲ್ಲಿಸಿದ ಕಾವಲು ಅದು.

ಮಳೆಗಾಲವಿಡೀ ಬಾಳಬೇಕಾದ ಅದರ ಬ್ಯಾಟರಿ ಮಳೆ ಹಿಡಿಯುವ ಮೊದಲೇ ಖಾಲಿಯಾಯಿತು. ನಮ್ಮದೊಂದೇ ಅಲ್ಲ, ಲೈನಿನ ಎಲ್ಲ ಪೆಟ್ಟಿಗೆಗಳದ್ದೂ. ಹೊಸ ಬ್ಯಾಟರಿ ಹಾಕಿದೆವು, ಅದೂ ಅಷ್ಟೇ ಬೇಗ ಮುಗಿಯಿತು. ಮಳೆ ಬಂದರೆ ನೀರು ಇಳಿದು ಟೊಳ್ಳು ನೆಲ ಕುಸಿಯುವ ಭಯ ಹೆಚ್ಚು. ಪೆಟ್ಟಿಗೆ ಬೇಕಾಗುವುದೇ ಆಗ. ಅದು ಗೋಡೆಯ ಮೇಲೆ ಸತ್ತು ಕೂತಿತ್ತು.

“ಬ್ಯಾಟ್ರಿ ಕೊಟ್ಟೋರು ಮೋಸ ಮಾಡವ್ರೆ, ಇನ್ನೇನಿಲ್ಲ,” ಎಂದರು ವೆಂಕಟೇಶಪ್ಪ.

“ಅಲ್ರೀ ಸರ್, ಒಳಗ ಎಲ್ಲೋ ಸೋರಾಕತ್ತೇತಿ,” ಎಂದೆ.

“ಎಲ್ಲಿ? ಮೀಟ್ರು ಇಟ್ಟು ನೋಡಿದ್ವಲ್ಲಮ್ಮ. ಆಫ್ ಮಾಡಿದ್ರೆ ಸೊನ್ನೆ ತೋರಿಸ್ತದೆ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆಟ್ಟಿಗೆಯ ಒಳಗಿನ ಚಿಪ್ ಒಂದೇ ವೋಲ್ಟೇಜಿನಲ್ಲಿ ನಡೆಯುವುದಿಲ್ಲ. ಲೆಕ್ಕ ಹಾಕುವ ಭಾಗಕ್ಕೆ ಕಡಿಮೆ ವೋಲ್ಟೇಜು ಸಾಕು. ಅಲುಗಾಟ ಗಮನಿಸುವ, ಕೂಗುವ ಭಾಗಕ್ಕೆ ಹೆಚ್ಚು ಬೇಕು. ಬ್ಯಾಟರಿ ಉಳಿಯಲಿ ಎಂದು ಲೆಕ್ಕದ ಭಾಗವನ್ನು ಮಲಗಿಸಿರುತ್ತೇವೆ. ನೆಲ ಅಲುಗಿದರೆ ಎಚ್ಚರವಿರುವ ಭಾಗ ಅದನ್ನು ಎಬ್ಬಿಸುತ್ತದೆ. ಅದು ಎದ್ದು, ಇದು ಮಾಮೂಲಿ ಏರ್ ಬ್ಲಾಸ್ಟೋ ನಿಜವಾದ ಕುಸಿತವೋ ಎಂದು ನೋಡಿ ಮತ್ತೆ ಮಲಗುತ್ತದೆ. ತೊಂದರೆ ಎಂದರೆ ಈ ಎರಡು ಭಾಗಗಳ ನಡುವೆ ತಂತಿಗಳಿವೆ. ಎದ್ದಿರುವಾಗ ಆ ತಂತಿಗಳಲ್ಲಿ ಹೌದು ಅಥವಾ ಅಲ್ಲ ಎಂಬ ಸ್ಪಷ್ಟ ಸುದ್ದಿ ಬರುತ್ತದೆ. ಮಲಗಿದ ಮೇಲೆ ಬರುವುದು ಎರಡೂ ಅಲ್ಲ. ಅದನ್ನು ಕೇಳಿಸಿಕೊಳ್ಳುತ್ತಾ ಕೂತ ಸ್ವಿಚ್ಚು ಪೂರ್ತಿ ತೆರೆಯದೆ, ಪೂರ್ತಿ ಮುಚ್ಚದೆ ನಡುವೆ ನಿಂತುಬಿಡುತ್ತದೆ. ಅಲ್ಲಿ ಕರೆಂಟು ಸೋರುತ್ತದೆ. ಹೀಗಾಗಬಾರದೆಂದೇ ಚಿಪ್‌ನಲ್ಲಿ ಒಂದು ಡಿಟೆಕ್ಟರ್ ಇರುತ್ತದೆ. ಆಚೆಯ, ಅಂದರೆ ಮಲಗುವ ಲೆಕ್ಕದ ಭಾಗಕ್ಕೆ ವೋಲ್ಟೇಜು ಇದೆಯೋ ಇಲ್ಲವೋ ಎಂದು ನೋಡುವುದು ಅದರ ಕೆಲಸ. ಇಲ್ಲ ಎಂದು ಕಂಡ ಕೂಡಲೇ ಆ ತಂತಿಗಳ ಮಾತು ಕೇಳಬೇಡ ಎಂದು ಈಚೆಯ, ಎಚ್ಚರವಿರುವ ಭಾಗಕ್ಕೆ ತಡೆ ಹಾಕಬೇಕು.

ನಮ್ಮ ಮೇಜಿನ ಮೇಲೆ ಆ ಡಿಟೆಕ್ಟರ್ ಒಮ್ಮೆಯೂ ತಪ್ಪಿರಲಿಲ್ಲ. ನಮ್ಮ ಘಟಕದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದೆ: ಎದ್ದು ಹೋಗುವ ಮುನ್ನ ಮೇನ್ ಆಫ್ ಮಾಡಿ. ವೆಂಕಟೇಶಪ್ಪನವರ ಕಣ್ಣೆದುರಿಗೇ ಹಿಂದೆ ಯಾರಿಗೋ ಶಾಕ್ ಹೊಡೆದು ಕೈ ಸುಟ್ಟಿತ್ತಂತೆ. ಅಂದಿನಿಂದ ಅದು ಅಲ್ಲಿಯ ಮಡಿ. ಚಹಾಕ್ಕೆ ಎದ್ದರೂ ಮೇನ್ ಆಫ್. ಹೀಗಾಗಿ ನಮ್ಮ ಮೇಜಿನ ಮೇಲೆ ಚಿಪ್ ಪೂರ್ತಿ ಎದ್ದಿರುತ್ತಿತ್ತು, ಇಲ್ಲವೇ ಪೂರ್ತಿ ಸತ್ತಿರುತ್ತಿತ್ತು. ಒಂದು ಭಾಗ ಮಲಗಿ ಇನ್ನೊಂದು ಎದ್ದಿರುವ ಸ್ಥಿತಿಯಲ್ಲಿ ಅದನ್ನು ಹೆಚ್ಚು ಹೊತ್ತು ಬಿಟ್ಟವರೇ ಇರಲಿಲ್ಲ.

ಆ ಮಡಿ ಮುರಿದದ್ದು ನನ್ನ ಪುಕ್ಕಲುತನ. ಒಂದು ಮಧ್ಯಾಹ್ನ ಗೌರಿಯ ಶಾಲೆಯಿಂದ ಫೋನು ಬಂತು, ಏರ್ ಬ್ಲಾಸ್ಟಿಗೆ ಮಕ್ಕಳು ಗಾಬರಿಯಾಗಿ ಓಡಿದಾಗ ಬಿದ್ದಿದ್ದಾಳೆ ಎಂದು. ಮೊಣಕಾಲು ತರಚಿದೆ ಅಷ್ಟೇ ಎಂದು ಅವರು ಹೇಳಿದ್ದು ನನ್ನ ತಲೆಗೆ ಹೋಗಲೇ ಇಲ್ಲ. ಕೆಲಸ ಇದ್ದಲ್ಲೇ ಬಿಟ್ಟು ಓಡಿದೆ. ಮರುದಿನ ಬಂದಾಗ ವೆಂಕಟೇಶಪ್ಪ ಮುಖ ಗಂಟಿಕ್ಕಿಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದರು.

“ಏನಮ್ಮಾ ಇದು? ಮೇನ್ ಆಫ್ ಮಾಡ್ದೆ ಓಗಿದ್ದೀಯ. ಬೆಂಕಿ ಇಡಿದಿದ್ರೆ?”

ತಪ್ಪಾಯಿತು ಎನ್ನಲು ಬಾಯಿ ತೆರೆದವಳ ಕಣ್ಣು ಮೀಟರಿನ ಮೇಲೆ ಬಿತ್ತು. ಮಲಗಿಸಿದ ಭಾಗದ ವೋಲ್ಟೇಜು ಸೊನ್ನೆಗೆ ಇಳಿದಿರಲಿಲ್ಲ. ಅರ್ಧದಲ್ಲಿ ನಿಂತಿತ್ತು. ಈಚೆಯ ಭಾಗದಿಂದ ತಂತಿಗಳ ಮೂಲಕ ಕಳ್ಳದಾರಿಯಲ್ಲಿ ಕರೆಂಟು ಆಚೆಗೆ ಹೋಗುತ್ತಿತ್ತು. ಆ ಅರ್ಧ ವೋಲ್ಟೇಜು ಕಂಡು ಡಿಟೆಕ್ಟರ್, ಆಚೆಯವರು ಇನ್ನೂ ಇದ್ದಾರೆ ಎಂದುಕೊಂಡಿತ್ತು. ಹಾಗಾಗಿ ತಡೆ ಹಾಕಲಿಲ್ಲ. ತಡೆ ಇಲ್ಲದ್ದರಿಂದ ಕರೆಂಟು ಹೋಗುತ್ತಲೇ ಇತ್ತು. ಹೋಗುತ್ತಲೇ ಇದ್ದುದರಿಂದ ಆಚೆಯ ಭಾಗ ಸಾಯಲೂ ಇಲ್ಲ, ಏಳಲೂ ಇಲ್ಲ. ನಮ್ಮ ಲೈನಿನಲ್ಲಿ ನೆಲ ಪದೇ ಪದೇ ಅಲುಗುತ್ತದೆ, ಪೆಟ್ಟಿಗೆ ಎದ್ದು ಎದ್ದು ಮಲಗುತ್ತದೆ. ಮಲಗಿದಾಗಲೆಲ್ಲ ಈ ಅರ್ಧ ಜೀವದ ಸೋರಿಕೆ.

ವೆಂಕಟೇಶಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಸರ್ಲೇ. ಇವತ್ತು ಬೈಯಲ್ಲ ಬುಡು,” ಎಂದರು.

ಚಿಪ್ ವಿನ್ಯಾಸ ಮಾಡಿದ ಬೆಂಗಳೂರಿನವರಿಗೆ ಬರೆದೆವು. ಅರ್ಧ ವೋಲ್ಟೇಜನ್ನು ಇಲ್ಲ ಎಂದೇ ಎಣಿಸುವ ಹಾಗೆ ಡಿಟೆಕ್ಟರನ್ನು ಮುಂದಿನ ಚಿಪ್‌ನಲ್ಲಿ ಬಿಗಿಗೊಳಿಸುವುದಾಗಿ ಅವರು ಒಪ್ಪಿದರು. ಅಲ್ಲಿಯತನಕ ಕಾಯಲು ಮಳೆ ಕೇಳುತ್ತದೆಯೇ? ಮಲಗಿದ ಭಾಗದಲ್ಲಿ ಉಳಿದ ವೋಲ್ಟೇಜನ್ನು ಹರಿಸಿ ಸೊನ್ನೆಗೆ ಇಳಿಸಲು ಒಂದು ಪುಟ್ಟ ರೆಸಿಸ್ಟರ್ ಬೆಸೆದೆವು. ಡಿಟೆಕ್ಟರಿಗೆ ಕಡೆಗೂ ಸತ್ಯ ಕಾಣಿಸಿತು, ತಡೆ ಬಿತ್ತು, ಸೋರಿಕೆ ನಿಂತಿತು. ನಮ್ಮ ಗೋಡೆಯ ಪೆಟ್ಟಿಗೆಯನ್ನು ನಾನೇ ಸ್ಟೂಲು ಹತ್ತಿ ಬದಲಿಸಿದೆ. ಅಂದು ಸಂಜೆ ಹೋಳಿಗೆ ಮಾಡಿ ಲೈನಿಗೆಲ್ಲ ಹಂಚಿದೆ. ಬಸವರಾಜ, “ಯಾವ ಹಬ್ಬನ ಇದು?” ಎಂದು ನಕ್ಕ. ಈ ಊರಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅಂದೇ.

ಮಳೆ ಹಿಡಿಯಿತು. ಒಂದು ಶನಿವಾರ, ಗೌರಿಗೆ ಅರ್ಧ ದಿನ ಶಾಲೆ. ಮಧ್ಯಾಹ್ನ ನಮ್ಮ ಆಫೀಸಿನ ಪರದೆಯ ಮೇಲೆ ಒಂದು ಸಾಲು ಕೆಂಪಾಯಿತು. ಏರ್ ಬ್ಲಾಸ್ಟ್ ಆದರೆ ಹಳದಿ. ಕೆಂಪು ಎಂದರೆ ಕುಸಿತ. ಯಾವ ಪೆಟ್ಟಿಗೆ ಎಂದು ಓದುವ ಮೊದಲೇ ನನಗೆ ಗೊತ್ತಾಗಿತ್ತು. ನಮ್ಮ ಗೋಡೆಯದು.

ಮುನಿಯಮ್ಮನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಬಸವರಾಜನ ಫೋನು ಕಾರ್ಖಾನೆಯ ಗೇಟಿನಲ್ಲಿ ಇಡಬೇಕು, ಪಾಳಿ ಮುಗಿಯುವ ತನಕ ಸಿಗುವುದಿಲ್ಲ. ಆ ಹೊತ್ತಿನಲ್ಲಿ ರೈಲಿರಲಿಲ್ಲ. ಆಟೋ ಹಿಡಿದೆ. ಆ ದಾರಿ ನನಗೆ ಈಗಲೂ ನೆನಪಾಗುವುದಿಲ್ಲ. ನನ್ನ ಎರಡೂ ಕೈ ಮುಂದಿನ ಕಂಬಿಯನ್ನು ಹಿಡಿದಿದ್ದವು, ಇಳಿಯುವಾಗ ಬಿಡಿಸಿಕೊಳ್ಳಲು ಬರಲಿಲ್ಲ ಎಂಬುದಷ್ಟೇ ನೆನಪಿದೆ. ಆಟೋದಲ್ಲಿ ನಾನು ದೇವರನ್ನು ಕೇಳಿಕೊಂಡದ್ದು ಒಂದೇ, ಅವರು ಹೊರಗೆ ಬಂದಿರಲಿ.

ಲೈನು ಖಾಲಿಯಾಗಿತ್ತು. ಎರಡೂ ಮನೆಯ ಬಾಗಿಲು ಹಾರು ಹೊಡೆದಿದ್ದವು. ಪೆಟ್ಟಿಗೆ ಇನ್ನೂ ಕೂಗುತ್ತಿತ್ತು. ಹಿತ್ತಲಿಗೆ ಓಡಿದರೆ ಬಟ್ಟೆ ಒಗೆಯುವ ಕಲ್ಲು ಇರಲಿಲ್ಲ. ಅದಿದ್ದಲ್ಲಿ ಒಂದು ಹೊಂಡ. ಅದರ ಅಂಚಿನಿಂದ ಕೆಸರು ಸದ್ದಿಲ್ಲದೆ ಒಳಗೆ ಜಾರುತ್ತಿತ್ತು. ನಮ್ಮ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು.

ಪೆಟ್ಟಿಗೆ ಹಾಕುವಾಗಲೇ ಎಲ್ಲರಿಗೂ ಹೇಳಿದ್ದೆವು, ಅದು ಕೂಗಿದರೆ ಶಾಲೆಯ ಮೈದಾನಕ್ಕೆ ಹೋಗಿ ಎಂದು. ಮೈದಾನಕ್ಕೆ ಓಡಿದೆ. ಚಿಕ್ಕ ವಯಸ್ಸಿನವರು, ಗಂಡಸರು, ಒಂದಷ್ಟು ಮಕ್ಕಳು ಕೊಡೆ ಹಿಡಿದು ನಿಂತಿದ್ದರು. ಮುನಿಯಮ್ಮ ಇರಲಿಲ್ಲ. ಗೌರಿ ಇರಲಿಲ್ಲ. ಲೈನಿನ ಮುದುಕಿಯರು ಒಬ್ಬರೂ ಇರಲಿಲ್ಲ. ನನ್ನ ಹಿಂದೆಯೇ ಬಂದಿದ್ದ ಆಟೋದವರು ಯಾರನ್ನೋ ವಿಚಾರಿಸಿ ಬಂದರು.

“ಗೇಟುಕ್ಕು ಪೋಯಿಟ್ಟಾಂಗಳಾಮ್ ಮ್ಮಾ. ಶಾಫ್ಟ್ ಗೇಟ್‌ಗೆ ಓದ್ರಂತೆ, ಮಗೂನೂ ಎತ್ಕೊಂಡು.”

ಶಾಫ್ಟ್ ಎಂದರೆ ಗಣಿಯ ಬಾಯಿ, ಕೆಲಸಗಾರರನ್ನು ಪಂಜರದಂಥ ಕೇಜಿನಲ್ಲಿ ಕೆಳಗೆ ಇಳಿಸುತ್ತಿದ್ದ ಬಾವಿ. ಈಗ ಸುತ್ತ ಮುಳ್ಳುತಂತಿ, ತುಕ್ಕು ಹಿಡಿದ ಗೇಟು, ಅಪಾಯ ಎಂಬ ಬೋರ್ಡು. ಊರಿನಲ್ಲಿ ಎಲ್ಲಕ್ಕಿಂತ ಟೊಳ್ಳು ನೆಲ ಅಲ್ಲಿಯದು. ಮಳೆಯಲ್ಲಿ ಅತ್ತ ಸುಳಿಯಬೇಡಿ ಎಂದು ನಾವೇ ಮನೆಮನೆಗೆ ಹೇಳಿದ್ದೆವು.

ಅವರು ಅಲ್ಲಿದ್ದರು. ಮಳೆಗೆ ಸೆರಗು ತಲೆಗೆ ಎಳೆದುಕೊಂಡು ಮುದುಕಿಯರೆಲ್ಲ ಗೇಟಿನ ಮುಂದೆ ಸಾಲಾಗಿ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಮುನಿಯಮ್ಮನ ಒಂದು ಕೈ ಗೇಟಿನ ಕಂಬಿಯ ಮೇಲೆ, ಇನ್ನೊಂದು ಗೌರಿಯ ಹೆಗಲ ಮೇಲೆ.

ಗೌರಿ ನನ್ನನ್ನು ಕಂಡು ಪಿಸುಗುಟ್ಟಿದಳು: “ಅಮ್ಮಾ, ಮಾತಾಡ್ಬೇಡ. ಎಲ್ರೂ ಮೇಲಕ್ಕೆ ಬರೋವರ್ಗೂ ಇಲ್ಲೇ ನಿಂತ್ಕೋಬೇಕಂತೆ.”

ಅವಳನ್ನು ಕಿತ್ತು ಎದೆಗೆ ಅವಚಿಕೊಂಡೆ. ಆಮೇಲೆ ನನ್ನ ಭಯವೆಲ್ಲ ಸಿಟ್ಟಾಯಿತು.

“ಇಲ್ಲಿಗ್ಯಾಕ ಕರ್ಕೊಂಡ್ ಬಂದ್ರಿ ಮುನಿಯಮ್ಮಾರ? ಮೈದಾನಕ್ಕ ಹೋಗ್ರಿ ಅಂತ ಎಷ್ಟ್ ಸರ್ತಿ ಹೇಳೇವಿ! ಗಣಿ ಮುಚ್ಚೇತ್ರಿ. ಒಳಗ ಯಾರದಾರ?”

ಅವರು ಆಗಷ್ಟೇ ಎಚ್ಚರವಾದವರ ಹಾಗೆ ನನ್ನನ್ನು, ಗೇಟನ್ನು, ತಮ್ಮ ಕಾಲನ್ನು ನೋಡಿದರು.

“ಯಾರೂ ಇಲ್ಲ ಕಣಮ್ಮ. ನಂಗೊತ್ತಿಲ್ವಾ? ಸಂಗು ಕೂಗ್ತು, ಬಂದ್ಬುಟ್ವಿ. ಕಾಲು ನಮ್ ಮಾತು ಎಲ್ಲಿ ಕೇಳ್ತಾವೆ?”

ಸಂಗು ಎಂದರೆ ಗಣಿಯ ಸೈರನ್. ಆ ಕಾಲದಲ್ಲಿ ದೊಡ್ಡ ಏರ್ ಬ್ಲಾಸ್ಟ್ ಆಗಿ ಸಂಗು ಕೂಗಿದರೆ ಹೆಂಗಸರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕೂಸಿದ್ದರೆ ಕೂಸನ್ನೂ ಎತ್ತಿಕೊಂಡು ಶಾಫ್ಟ್ ಗೇಟಿಗೆ ಹೋಗಬೇಕು. ಕೇಜು ಮೇಲೆ ಬಂದು ತಮ್ಮವರ ಮುಖ ಕಾಣುವವರೆಗೆ ಅಲ್ಲೇ ಮಾತಿಲ್ಲದೆ ನಿಲ್ಲಬೇಕು. ಮುನಿಯಮ್ಮನ ಗಂಡ ಎಷ್ಟೋ ಸಲ ಮೇಲೆ ಬಂದಿದ್ದರಂತೆ. “ಒಂದ್ಸಾರಿ ಬರ್ಲಿಲ್ಲ,” ಎಂದರು. ನನ್ನ ಸಿಟ್ಟು ಇಳಿಯಿತು. ಒಬ್ಬೊಬ್ಬರನ್ನೇ ಕೈ ಹಿಡಿದು ಅಲ್ಲಿಂದ ಕರೆತಂದೆವು. ಯಾರಿಗೂ ಏನೂ ಆಗಲಿಲ್ಲ. ಗೇಟಿನ ನೆಲ ಆ ದಿನ ನಮ್ಮ ಭಾರವನ್ನು ತಡೆದುಕೊಂಡಿತು.

ಪೆಟ್ಟಿಗೆಗೆ ಸಂಗಿನ ಸದ್ದನ್ನು ಆರಿಸಿದ್ದವರು ವೆಂಕಟೇಶಪ್ಪ. ಬೇರೆ ಊರಿನವರಿಗೆ ಅದು ಹೊಳೆಯುತ್ತಲೇ ಇರಲಿಲ್ಲ. ಎಂಥದೋ ಪೀಪೀ ಸದ್ದಿಗಿಂತ ನಮ್ಮ ಜನಕ್ಕೆ ಗೊತ್ತಿರುವ ಸದ್ದೇ ಇರಲಿ, ಮುದುಕಿಯರೂ ಕೇಳಿದ ಕೂಡಲೇ ಹೊರಗೆ ಬರುತ್ತಾರೆ ಎಂದಿದ್ದರು. ಬಂದರು ಕೂಡ. ಸೋಮವಾರ ಅವರಿಗೆ ಎಲ್ಲ ಹೇಳಿದಾಗ ಕುರ್ಚಿಯಲ್ಲಿ ಕುಸಿದು ಕೂತರು.

“ನಮ್ಮಮ್ಮನೂ ನನ್ನ ಸೊಂಟದ ಮೇಲೆ ಇಟ್ಕೊಂಡು ಅಲ್ಲೇ ನಿಂತ್ಕೋತಿದ್ಲು. ನಂಗ್ಯಾಕೆ ನೆಪ್ಪಾಗ್ಲಿಲ್ಲ?” ಎಂದರು.

ಚಿಪ್‌ನೊಳಗೆ ನಾನು ತಿಂಗಳುಗಟ್ಟಲೆ ಹುಡುಕಿದ ತಪ್ಪೇ ಹೊರಗೂ ಇತ್ತು. ಗಣಿಯನ್ನು ಮಲಗಿಸಿದವರು ಈ ಹೆಂಗಸರಿಗೆ ಹೋಗುವ ತಂತಿಗೆ ತಡೆ ಹಾಕಿರಲಿಲ್ಲ. ಆಚೆ ಯಾರೋ ಇದ್ದಾರೆ ಎಂದು ಅವರ ಕಾಲು ಇನ್ನೂ ನಂಬಿತ್ತು. ಅದಕ್ಕೆ ಬೆಸೆಯಲು ನನ್ನ ಹತ್ತಿರ ರೆಸಿಸ್ಟರ್ ಇಲ್ಲ. ಎಲ್ಲ ಪೆಟ್ಟಿಗೆಗಳ ಸದ್ದನ್ನು ಬದಲಿಸಿದೆವು. ಈಗ ಅದು ಯಾರಿಗೂ ಯಾವುದನ್ನೂ ನೆನಪಿಸದ ಕರ್ಕಶ ಸದ್ದು. ಕೇಳಿಸಿದಾಗ ಮುನಿಯಮ್ಮ ಮುಖ ಸಿಂಡರಿಸಿದರು.

“ಆಗ್ಲಮ್ಮ, ಇದಕ್ಕೆ ಮೈದಾನಕ್ಕೇ ಓಯ್ತೀವಿ. ಆದ್ರೆ ಅಲ್ಲಿ ಯಾರ್ಗೋಸ್ಕರ ನಿಂತ್ಕೊಳಾದು, ಅದ್ನೂ ಯೋಳ್ಬುಡು.”

ನಾನು ಪೆಟ್ಟಿಗೆಯ ಸ್ಕ್ರೂ ಬಿಗಿದು ಸ್ಟೂಲಿನಿಂದ ಇಳಿದೆ.

ನಮಗೆ ಲೈನಿನ ಆಚೆ ಕೊನೆಯಲ್ಲಿ ಬೇರೆ ಮನೆ ಕೊಟ್ಟರು. ಮುನಿಯಮ್ಮನಿಗೂ ಅಲ್ಲೇ, ಈಗಲೂ ಪಕ್ಕದ ಮನೆಯೇ. ಆದರೆ ಅಂದಿನಿಂದ ನನ್ನ ಮೈಯೇ ಡಿಟೆಕ್ಟರ್ ಆಯಿತು. ರೈಲಿನಲ್ಲಿ, ಮೇಜಿನ ಮುಂದೆ, ಒಲೆಯ ಮುಂದೆ ಸದಾ ಕಾಲಡಿ ಆಲಿಸುವುದು. ದಿನ ಮುಗಿಯುವ ಹೊತ್ತಿಗೆ ನನ್ನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಬಸವರಾಜ ಒಂದು ದಿನ ಕೂರಿಸಿಕೊಂಡು ಹೇಳಿದ: “ಮಳೆಗಾಲ ಮುಗಿಯೂಮಟ ಗೌರೀನ ಊರಾಗ ಬಿಟ್ಟು ಬಾ. ನೀನೂ ಬೇಕಾರ ಅಲ್ಲೇ ಇರು.”

ಗೌರಿಯನ್ನು ಬಿಟ್ಟು ಬಂದೆ, ನಾನು ಅಲ್ಲಿ ಉಳಿಯಲಿಲ್ಲ. ಹೊಸ ಚಿಪ್ ಬಂದಿದೆ, ಪೆಟ್ಟಿಗೆಗಳನ್ನೆಲ್ಲ ಬದಲಿಸಬೇಕು ಎಂದು ಅವ್ವನಿಗೆ ಹೇಳಿದೆ. ಅದು ನಿಜ. ಗುಳೇದಗುಡ್ಡದಲ್ಲಿ ನಾಲ್ಕು ದಿನ ಅಲುಗದ ನೆಲದ ಮೇಲೆ ಮಲಗಿ ಮುನಿಯಮ್ಮ ಏನು ಮಾಡುತ್ತಿರಬಹುದು ಎಂದೇ ಯೋಚಿಸಿದ್ದೆ ಎಂಬುದೂ ನಿಜ. ಅಲ್ಲಿದ್ದರೆ ಇಲ್ಲಿಯ ಭಯ, ಇಲ್ಲಿದ್ದರೆ ಅಲ್ಲಿಯ ಹಂಬಲ. ನಾನು ಬಸ್ಸು ಹತ್ತುವಾಗ ಗೌರಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು.

ಮೊನ್ನೆ ಮಧ್ಯಾಹ್ನ ಅವ್ವ ಫೋನು ಮಾಡಿದ್ದಳು. ದನಿಯಲ್ಲಿ ನಗು ಇತ್ತು, ಗಾಬರಿಯೂ ಇತ್ತು. ಹಿಂದಿನ ಓಣಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರಂತೆ. ಪಾಯಕ್ಕೆ ಬಂಡೆ ಅಡ್ಡ ಬಂದು, ಒಡೆಯಲು ಮದ್ದು ಇಟ್ಟಿದ್ದರಂತೆ.

“ಢಮ್ ಅಂದಿದ್ದ ತಡ, ನಿನ್ ಮಗಳು ನನ್ ಕೈ ಹಿಡದು ಜಗ್ಗಿಕೊಂಡು ಬೀದಿಗೆ ಓಡಿದ್ಲು ನೋಡವಾ. ಗೇಟ್ ಎಲ್ಲೇತಿ ಅಜ್ಜಿ, ಗೇಟ್ ಎಲ್ಲೇತಿ ಅಂತ ಒಂದ ಸಮನ ಕೇಳಾಕತ್ತಾಳ. ನಮ್ಮೂರಾಗ ಅಂಥಾ ಯಾವ ಗೇಟೂ ಇಲ್ಲವಾ ಅಂದೆ. ಅದಕ್ಕ ಏನಂದ್ಲು ಗೊತ್ತೈತೇನ?”

“ಏನಂದ್ಲು?”

“ಗೇಟ್ ಇಲ್ಲಾಂದ್ರೆ ಅಮ್ಮನ್ನ ಎಲ್ಲಿ ನಿಂತ್ಕೊಂಡು ಕಾಯೋದು ಅಂದ್ಲು.”